ಮಳೆನೀರು ಕೊಯ್ಲು: ಬಳಕೆದಾರರ ಕೈಪಿಡಿ (ವಿಜಯನಗರ ಆವೃತ್ತಿ)

ಅಭಿನಂದನೆಗಳು. ಪಶ್ಚಿಮ ಬೆಂಗಳೂರಿನಲ್ಲಿ ನಿಮಗೊಂದು ಸ್ವಂತ ತಾರಸಿ ಇದೆ. ಪೈಪು ತರುವ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದಿ. ಅಷ್ಟು ವ್ಯವಧಾನವಿಲ್ಲದವರು ನೇರವಾಗಿ 'ತಪಾಸಣೆಗೆ ಸಿದ್ಧತೆ' ಎಂಬ ಭಾಗಕ್ಕೆ ಹಾರಬಹುದು. ಬಹುಪಾಲು ಮಾಲೀಕರು ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲೇ ಮುಗಿಸುತ್ತಾರೆ.

ನಿಮ್ಮ ಮನೆಗೆ ಇದು ಅನ್ವಯಿಸುತ್ತದೆಯೇ?

ಆಕಾಶ ನೋಡಬೇಡಿ, ಖಾತಾ ಪತ್ರ ನೋಡಿ. 2009ರಲ್ಲಿ ಬೆಂಗಳೂರು ಜಲಮಂಡಳಿ ಕಾಯ್ದೆಗೆ 72-ಎ ಎಂಬ ಕಲಮು ಸೇರಿತು. ಅದರ ಪ್ರಕಾರ 2,400 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನದಲ್ಲಿರುವ ಹಳೆಯ ಮನೆಗಳು ಮಳೆನೀರು ಹಿಡಿಯಲೇಬೇಕು. ಹೊಸದಾಗಿ ಕಟ್ಟುವವರಾದರೆ 1,200 ಚದರಡಿ ಸಾಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಳಬರಿಗೆ ಫಾರ್ಟಿ-ಸಿಕ್ಸ್ಟಿ, ಹೊಸಬರಿಗೆ ಥರ್ಟಿ-ಫಾರ್ಟಿ. ಚೆನ್ನೈಯವರು ನಮಗಿಂತ ಮುಂಚೆ, 2003ರಲ್ಲೇ ಎಲ್ಲ ಕಟ್ಟಡಗಳಿಗೂ ಕಡ್ಡಾಯ ಮಾಡಿದ್ದರು. ನಾವು ಎಂದಿನಂತೆ ಸೈಟಿನ ಅಳತೆ ಹಿಡಿದುಕೊಂಡು ಹೊರಟೆವು.

ಹಾಗಾಗಿ ರಾಜಾಜಿನಗರದ ಒಂದು ಹಳೆಯ ಫಾರ್ಟಿ-ಸಿಕ್ಸ್ಟಿ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಖಾತೆ ಬೇರೆ ಮಾಡಿಸಿದರು ಎನ್ನಿ. ಈಗ ಅಲ್ಲಿ 1,200 ಚದರಡಿಯ ಎರಡು ಹಳೆಯ ಮನೆಗಳಿವೆ. ತಾರಸಿ ಅದೇ, ಮಳೆ ಅದೇ. ಕಾನೂನು ಮಾತ್ರ ಗೇಟು ತೆಗೆದು ಹೊರಟುಹೋಯಿತು. ತಮ್ಮ ತನ್ನ ಪಾಲನ್ನು ಕೆಡವಿ ಮೂರು ಮಹಡಿ ಎಬ್ಬಿಸಿದ ದಿನ ಅದು ಅವನ ಮನೆಗೊಂದಕ್ಕೇ ವಾಪಸು ಬರುತ್ತದೆ. ಮೋಡಕ್ಕೆ ಈ ವಿಭಾಗಪತ್ರದ ಪ್ರತಿ ಕಳಿಸುವ ಅಗತ್ಯವಿಲ್ಲ.

ಮೂಲ ಮಾದರಿ

ಈ ಉಪಕರಣದ ಮೂಲ ಮಾದರಿ ನಿಮ್ಮ ಬಡಾವಣೆಯಲ್ಲೇ ಇದೆ. ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಎಂಬ ವಿಜ್ಞಾನಿ 1995ರಲ್ಲಿ ಕಟ್ಟಿದ ಮನೆಯ ಹೆಸರು 'ಸೌರಭ'. ಅದಕ್ಕೆ ಜಲಮಂಡಳಿಯ ನಲ್ಲಿ ಸಂಪರ್ಕವನ್ನೇ ಅವರು ತೆಗೆದುಕೊಳ್ಳಲಿಲ್ಲ. ಅವರು ಕೆಲಸ ಮಾಡುತ್ತಿದ್ದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ. ವಿಜ್ಞಾನಕ್ಕೂ ವಿಧಾನಸೌಧಕ್ಕೂ ಮಾತು ಬೆಸೆಯಲೆಂದೇ 1975ರಲ್ಲಿ ಹುಟ್ಟಿದ ಸಂಸ್ಥೆ ಅದು. ದೇಶದ ರಾಜ್ಯಗಳಲ್ಲೇ ಇಂಥದ್ದು ಮೊದಲು.

ಶಿವಕುಮಾರ್ ಮನೆ ಕಟ್ಟುವ ಮುಂಚೆ ಮೇಸ್ತ್ರಿಯನ್ನು ಕರೆಯಲಿಲ್ಲ, ಮಳೆಯ ಹಳೆಯ ದಾಖಲೆಗಳನ್ನು ತರಿಸಿಕೊಂಡರು. ಸುಮಾರು ನೂರು ವರ್ಷದ ಲೆಕ್ಕ ನೋಡಿದಾಗ ಅವರಿಗೆ ಕಂಡದ್ದು ಸರಳ ಸಂಗತಿ: ಊರಿಗೆ ಬೀಳುವ ಮಳೆ ಕಡಿಮೆಯೇನಲ್ಲ, ಆದರೆ ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವೆ ಮೂರು ತಿಂಗಳಿಗೂ ಮೀರಿ ಬಾಯಾರುವ ದಿನಗಳು ಬರಬಹುದು. ಮನೆಯ ಬಳಕೆ ದಿನಕ್ಕೆ 400 ಲೀಟರ್. ನೂರು ದಿನಕ್ಕೆ 40,000. ಅವರು ಬೇರೆ ಬೇರೆ ಟ್ಯಾಂಕುಗಳಲ್ಲಿ ಒಟ್ಟು ಸುಮಾರು 45,000 ಲೀಟರಿಗೆ ಜಾಗ ಮಾಡಿದರು. ಬಟ್ಟೆ ಒಗೆದ ನೀರು ಶೌಚಾಲಯಕ್ಕೆ ಹೋಗುವಂತೆ ಪೈಪು ತಿರುಗಿಸಿದರು. ಅಷ್ಟೇ. ಇದರಲ್ಲಿ ಪವಾಡವಿಲ್ಲ, ಗುಣಾಕಾರ ಇದೆ.

2024ರ ಮಾರ್ಚಿನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಮನೆಯ ಬೋರೂ ಬತ್ತಿದೆ ಎಂದು ಹೇಳಿದ್ದು ನಿಮಗೆ ನೆನಪಿರಬಹುದು. ಹೆಸರು ಒಂದೇ ಆದ ಮಾತ್ರಕ್ಕೆ ಸಂಪು ಒಂದೇ ಆಗುವುದಿಲ್ಲ.

ಗಾತ್ರದ ಆಯ್ಕೆ

ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರ್ ತಾರಸಿಯ ಮೇಲೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ನಿಮ್ಮ ತಾರಸಿ 100 ಚದರ ಮೀಟರ್ ಇದ್ದರೆ ವರ್ಷಕ್ಕೆ 97,000 ಲೀಟರ್ ನಿಮ್ಮ ತಲೆಯ ಮೇಲೆ ಬಂದು ಬೀಳುತ್ತದೆ. ದಿನಕ್ಕೆ 400 ಲೀಟರ್ ಬಳಸುವ ಮನೆಗೆ ವರ್ಷಕ್ಕೆ ಬೇಕಾದದ್ದು 1,46,000. ಅಂದರೆ ಥರ್ಟಿ-ಫಾರ್ಟಿಯವರಿಗೆ ಪೂರ್ತಿ ಸಾಲದು, ಆದರೆ ಅರ್ಧಕ್ಕಿಂತ ಹೆಚ್ಚು ಬಂತು. ಪುಕ್ಕಟೆಯಾಗಿ ಬಂತು.

ಇಷ್ಟು ನೀರು ಹಿಡಿಯಲು ಎಷ್ಟು ದೊಡ್ಡ ಟ್ಯಾಂಕ್ ಬೇಕು? ವಿಜ್ಞಾನದ ಉತ್ತರ ಮೇಲೆ ಹೇಳಿಯಾಗಿದೆ. ಮೊದಲ ನಿಯಮಾವಳಿಯ ಉತ್ತರ ಬೇರೆಯಿತ್ತು: ಸೂರಿನ ಪ್ರತಿ ಚದರ ಮೀಟರಿಗೆ 20 ಲೀಟರ್, ಹಾಸುಗಲ್ಲಿನ ಅಂಗಳಕ್ಕೆ 10 ಲೀಟರ್. ಶೇಖರಿಸಿ, ಇಲ್ಲವೇ ನೆಲಕ್ಕೆ ಇಂಗಿಸಿ. ನಿಮ್ಮ 100 ಚದರ ಮೀಟರಿಗೆ 2,000 ಲೀಟರ್ ಆಯಿತು. ಸೆಪ್ಟೆಂಬರಿನ ಒಂದು ಸಂಜೆ, ಹುಬ್ಬೆಯೋ ಉತ್ತರೆಯೋ ಸಿಟ್ಟಿಗೆದ್ದು ಮಾಗಡಿ ರಸ್ತೆಯ ಮೇಲೆ 60 ಮಿಲಿಮೀಟರ್ ಸುರಿದರೆ ನಿಮ್ಮ ತಾರಸಿಗೆ ಬರುವುದು 6,000 ಲೀಟರ್. ಆ ನಿಯಮಾವಳಿಗೆ ಬದ್ಧರಾದ ನೀವು 2,000 ಇಟ್ಟುಕೊಂಡು ಉಳಿದ 4,000 ಲೀಟರನ್ನು ರಸ್ತೆಗೆ ಬಿಡುತ್ತೀರಿ. ಆಮೇಲೆ ಟಿವಿಯಲ್ಲಿ ಅಂಡರ್‌ಪಾಸ್ ಮುಳುಗಿದ್ದನ್ನು ನೋಡುತ್ತೀರಿ.

ಇದಕ್ಕೆ ಕಾನೂನು ಬರೆದವರನ್ನು ಬಯ್ಯುವುದು ಸುಲಭ, ನ್ಯಾಯವಲ್ಲ. 45,000 ಲೀಟರ್ ಕಡ್ಡಾಯ ಎಂದು ಬರೆದಿದ್ದರೆ ವಿಜಯನಗರದ ಅರ್ಧ ಜನ ಕೋರ್ಟಿನಲ್ಲಿರುತ್ತಿದ್ದರು, ಉಳಿದರ್ಧ ಶಾಸಕರ ಮನೆ ಮುಂದೆ. ಎಲ್ಲರೂ ಮಾಡಬಹುದಾದ ಒಂದು ಕನಿಷ್ಠ ಅಳತೆಯನ್ನು ಹಾಕಿದರು. ಅದು ನೆಲಗಟ್ಟಾಗಬೇಕಿತ್ತು, ಚಾವಣಿಯಾಯಿತು. ಕಾಗದದಲ್ಲಿ 'ಕಡಿಮೆ ಎಂದರೆ' ಎಂದಿದ್ದದ್ದು ಅಂಗಡಿಯ ಕೌಂಟರಿಗೆ ಬರುವಷ್ಟರಲ್ಲಿ 'ಇಷ್ಟು ಸಾಕು' ಆಗಿತ್ತು.

ಅಳವಡಿಕೆ

ಜಲಮಂಡಳಿಯೂ ವಿಜ್ಞಾನ ಮಂಡಳಿಯೂ ಸೇರಿ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನಲ್ಲಿ ಮಳೆನೀರು ಕೊಯ್ಲಿನ ಥೀಮ್ ಪಾರ್ಕ್ ಮಾಡಿವೆ. ನಾನಾ ಬಗೆಯ ಮಾದರಿಗಳು ಅಲ್ಲಿವೆ. ಅಳವಡಿಕೆಗೆ ಮುನ್ನ ಅಲ್ಲಿಗೆ ಹೋಗಿ ಬರುವುದು ಉತ್ತಮ. ಹೋಗದವರು ಪ್ಲಂಬರನ್ನು ಕರೆಯಿರಿ. ಅನುಭವಸ್ಥ ಪ್ಲಂಬರ್ ಮೊದಲು ತಾರಸಿ ಹತ್ತುವುದಿಲ್ಲ, ಗೇಟಿನ ಬಳಿಯೇ ನಿಂತು ಒಂದು ಪ್ರಶ್ನೆ ಕೇಳುತ್ತಾನೆ:

"ಸಾರ್, ಫುಲ್ ಸೆಟ್ಟಾ, ಇಲ್ಲಾ ಬರೀ ಫೈನ್ ನಿಲ್ಸೋಕಾ?"

ಇದು ಈ ಕ್ಷೇತ್ರದ ಅತಿ ಮುಖ್ಯ ತಾಂತ್ರಿಕ ಪ್ರಶ್ನೆ. ಫುಲ್ ಸೆಟ್ಟು ಎಂದರೆ ತಾರಸಿಯ ಇಳಿಜಾರು ಸರಿಮಾಡಿ, ಎಲ್ಲ ಡೌನ್ ಪೈಪುಗಳನ್ನೂ ಒಂದು ಕಡೆ ಕೂಡಿಸಿ, ಮೊದಲ ಮಳೆಯ ಕೊಳೆ ಹೊರಹೋಗಲು ಕವಾಟವಿಟ್ಟು, ಫಿಲ್ಟರಿನಿಂದ ಸಂಪಿಗೆ ತಂದು, ತುಂಬಿದ ಮೇಲೆ ಹೆಚ್ಚಾದದ್ದು ಇಂಗುಗುಂಡಿಗೆ ಹೋಗುವಂತೆ ಮಾಡುವುದು. ಎರಡನೆಯದಕ್ಕೆ ಒಂದು ನೀಲಿ ಡ್ರಮ್ಮು, ಎರಡು ಬಾಂಡ್ಲಿ ಜಲ್ಲಿ, ಒಂದಿಷ್ಟು ಮರಳು, ಎರಡು ಎಲ್ಬೋ ಸಾಕು. ಅರ್ಧ ದಿನದ ಕೆಲಸ. ಡ್ರಮ್ಮಿನ ತಳದಿಂದ ಹೊರಟ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಬಾರದು. ಕೇಳಿದರೆ ಅದು ಫುಲ್ ಸೆಟ್ಟಾಗಿಬಿಡುತ್ತದೆ.

ಎಚ್ಚರಿಕೆ: ಮಳೆ ಪೈಪನ್ನು ಯಾವ ಕಾರಣಕ್ಕೂ ಒಳಚರಂಡಿಗೆ ಸೇರಿಸಬೇಡಿ. ಇದು ನಿಷಿದ್ಧ. ಮಳೆ ಬಂದಾಗಲೆಲ್ಲ ನಿಮ್ಮ ಬೀದಿಯ ಮ್ಯಾನ್‌ಹೋಲು ಕಾರಂಜಿಯಾಗುವುದು ಇಂಥ ಪೈಪುಗಳ ದಯೆಯಿಂದ.

ದಂಡ: ಒಂದು ಹಣಕಾಸಿನ ಮಾರ್ಗದರ್ಶಿ

ಮೊದಲು ಅಳವಡಿಸದಿದ್ದರೆ ನೀರಿನ ಸಂಪರ್ಕವನ್ನೇ ಕತ್ತರಿಸುವ ಮಾತಿತ್ತು. ಕುಡಿಯುವ ನೀರು ನಿಲ್ಲಿಸುವ ಧೈರ್ಯ ಯಾವ ಸರ್ಕಾರಕ್ಕಿದೆ? ಆಮೇಲೆ ಅದು ದಂಡವಾಯಿತು. ಮನೆಗಳಿಗೆ ಮೊದಲ ಮೂರು ತಿಂಗಳು ಬಿಲ್ಲಿನ ಶೇ 25, ನಂತರ ಶೇ 50. ಮನೆಯಲ್ಲದ ಕಟ್ಟಡಗಳಿಗೆ ಶೇ 50, ನಂತರ ಶೇ 100.

ಕೇಳಿದರೆ ಎದೆ ಝಲ್ಲೆನ್ನುತ್ತದೆ. ಈಗ ಕ್ಯಾಲ್ಕ್ಯುಲೇಟರ್ ತೆಗೆಯಿರಿ. 2014ರಲ್ಲಿ ನಿಗದಿಯಾದ ನೀರಿನ ದರ 2025ರ ಏಪ್ರಿಲ್‌ವರೆಗೂ ಕದಲಲಿಲ್ಲ. ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅಲ್ಲಿಂದ 25,000ದವರೆಗೆ ಸಾವಿರಕ್ಕೆ 11. ಆ ದರದಲ್ಲಿ ತಿಂಗಳಿಗೆ 15,000 ಲೀಟರ್ ಬಳಸುವ ಮನೆಯ ನೀರಿನ ಶುಲ್ಕ 133 ರೂಪಾಯಿ. ಇತರ ಶುಲ್ಕಗಳನ್ನು ಪಕ್ಕಕ್ಕಿಟ್ಟರೆ ಶೇ 50ರ ದಂಡ ಎಂದರೆ 66 ರೂಪಾಯಿ 50 ಪೈಸೆ. ಬಸವೇಶ್ವರನಗರದಲ್ಲಿ ಇಬ್ಬರು ಕೂತು ಮಸಾಲೆ ದೋಸೆ ತಿಂದು ಬರಲು ಇದು ಸಾಲದು. ಇನ್ನೊಂದು ಕಡೆ ಫುಲ್ ಸೆಟ್ಟಿಗೆ ಪ್ಲಂಬರ್ ಬರೆದುಕೊಟ್ಟ ಚೀಟಿ. ಈ ಲೆಕ್ಕ ಗೊತ್ತಿರುವ ಮಾಲೀಕ ದಂಡ ಕಟ್ಟುವುದನ್ನು ಸೋಮಾರಿತನ ಎಂದು ನಾವು ಕರೆಯುವುದಿಲ್ಲ. ಅವನು ಬೆಲೆ ನೋಡಿ ಕೊಂಡುಕೊಂಡಿದ್ದಾನೆ. ಜಲಮಂಡಳಿಗೆ ಈ ದಂಡದಿಂದ ಕೋಟಿಗಳ ಲೆಕ್ಕದಲ್ಲಿ ವರಮಾನ ಬಂದಿದೆ. ಅಷ್ಟು ಮನೆಗಳ ಮಳೆ ಮೋರಿಗೆ ಹೋದದ್ದಕ್ಕೆ ಅದು ರಸೀದಿ.

ಆ 7 ರೂಪಾಯಿಯ ನೀರಿನ ಜಾತಕವನ್ನೂ ನೋಡಿ. ಒಂದು ಕಾಲಕ್ಕೆ ಪಶ್ಚಿಮದ ಬಡಾವಣೆಗಳಿಗೆ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಬರುತ್ತಿತ್ತು. ಅದು ಸೊರಗಿತು. 1974ರಿಂದ ಊರಿಗೆ ಬರುತ್ತಿರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಹಗಲೂ ರಾತ್ರಿ ಪಂಪು ಓಡಬೇಕು. ಹಾಗೆ ಬಂದ ಸಾವಿರ ಲೀಟರನ್ನು 7 ರೂಪಾಯಿಗೆ ಕೊಟ್ಟರೆ, ತಲೆಯ ಮೇಲೆ ಪುಕ್ಕಟೆ ಬಿದ್ದದ್ದನ್ನು ಹಿಡಿಯಲು ಯಾರು ತಾರಸಿ ಅಗೆಸುತ್ತಾರೆ? ಪಂಪೂ ತಂತ್ರಜ್ಞಾನವೇ, ಫಿಲ್ಟರೂ ತಂತ್ರಜ್ಞಾನವೇ. ಸರ್ಕಾರ ಒಂದಕ್ಕೆ ಸಹಾಯಧನ ಕೊಟ್ಟಿತು, ಇನ್ನೊಂದಕ್ಕೆ ಸುತ್ತೋಲೆ ಕೊಟ್ಟಿತು.

ಕೆಂಗೇರಿಯಿಂದಾಚೆ, ಕಾವೇರಿ ಪೈಪು ತಡವಾಗಿ ಮುಟ್ಟಿದ ಬಡಾವಣೆಗಳಲ್ಲಿ ಕಥೆ ಇನ್ನೂ ಚೆನ್ನ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಸಾವಿರಕ್ಕೆ ನೂರು. ಮಳೆನೀರು ನಿಜವಾಗಿ ಬೇಕಾಗಿರುವುದು ಈ ಮನೆಗಳಿಗೆ. ಆದರೆ ದಂಡ ಲೆಕ್ಕವಾಗುವುದು ಜಲಮಂಡಳಿಯ ಬಿಲ್ಲಿನ ಮೇಲೆ, ಟ್ಯಾಂಕರಿನ ಬಿಲ್ಲಿನ ಮೇಲಲ್ಲ. ನಲ್ಲಿಯ ನೀರು ಕಡಿಮೆಯಾದಷ್ಟೂ ದಂಡ ಕಡಿಮೆ. ನಲ್ಲಿಯೇ ಇಲ್ಲದವರಿಗೆ ದಂಡವೂ ಇಲ್ಲ.

ತಪಾಸಣೆಗೆ ಸಿದ್ಧತೆ

ಡ್ರಮ್ಮು ಗೇಟಿನಿಂದಲೇ ಕಾಣುವಂತಿರಲಿ. ಪೈಪಿಗೆ ಹೊಸದಾಗಿ ಬಣ್ಣ ಹೊಡೆಸಿ. ತಪಾಸಣೆಗೆ ಬರುವವರು ಮಳೆ ಬರುವಾಗ ಬರುವುದಿಲ್ಲ, ಬಿಸಿಲಲ್ಲಿ ಬರುತ್ತಾರೆ. ಬಿಸಿಲಲ್ಲಿ ಪೈಪು ಕಾಣುತ್ತದೆ, ನೀರು ಹೇಗೆ ಕಾಣಬೇಕು? ಸಂಪಿನೊಳಗೆ ಇಣುಕಿ ಎಷ್ಟು ಲೀಟರ್ ಮಳೆನೀರು ಬಂತು ಎಂದು ಅಳೆಯುವ ಮೀಟರನ್ನು ಕಾನೂನು ಕೇಳಿಲ್ಲ. ಕೇಳದ ಕಾರಣ ಅಂಗಡಿಯವರೂ ಅದನ್ನು ಇಟ್ಟಿಲ್ಲ. ಕಾವೇರಿಗೆ ಮೀಟರು, ಕರೆಂಟಿಗೆ ಮೀಟರು, ಆಟೋಗೂ ಮೀಟರು. ಮಳೆಗೆ ಒಂದು ಫೋಟೋ.

ನಿರ್ವಹಣೆ

ತಾರಸಿಯಲ್ಲಿ ಪಾರಿವಾಳಕ್ಕೆ ಜೋಳ ಹಾಕುವ ಹಿರಿಯರಿದ್ದರೆ ವಿನಯದಿಂದ ಮಾತಾಡಿ. "ತಾತ, ಆ ಕಾಳು ತಿಂದ ಪಾರಿವಾಳ ಏನು ಮಾಡುತ್ತೋ ಅದೂ ಸಂಪಿಗೇ ಬರುತ್ತೆ" ಎಂದರೆ ಒಂದು ವಾರ ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಿ.

ಫಿಲ್ಟರಿನ ವಿಷಯದಲ್ಲಿ ವಿಜ್ಞಾನಿ ಶಿವಕುಮಾರ್ ಅವರ ಇನ್ನೊಂದು ಕೆಲಸವನ್ನು ನೋಡಬೇಕು. ಅವರು ರೂಪಿಸಿದ 'ಪಾಪ್ಅಪ್' ಫಿಲ್ಟರ್ ಗೋಡೆಯ ಪೈಪಿಗೇ ಕೂರುತ್ತದೆ. ಎಲೆ, ಕಸ ಕಟ್ಟಿಕೊಂಡು ನೀರು ಇಳಿಯದಾದಾಗ ಒಳಗಿನ ಜರಡಿ ನೀರಿನ ಒತ್ತಡಕ್ಕೆ ತಾನೇ ಮೇಲೆದ್ದು ಬರುತ್ತದೆ. ನೀರು ಹೊರಗೆ ಹರಿದುಹೋಗುತ್ತದೆ, ತಾರಸಿಯಲ್ಲಿ ನಿಂತು ಸೋರುವುದಿಲ್ಲ. ತಲೆ ಎತ್ತಿದ ಜರಡಿ ನೋಡಿದವರಿಗೆ ತೊಳೆಯಬೇಕೆಂದು ಗೊತ್ತಾಗುತ್ತದೆ. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಎಂಜಿನಿಯರಿಂಗ್ ಮಾತ್ರವಲ್ಲ, ಮನುಷ್ಯನ ಅಂದಾಜು. ಮನೆಯವರು ಫಿಲ್ಟರ್ ತೊಳೆಯುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತಗೊಂಡು ಮಾಡಿದ ಯಂತ್ರ ಇದು. 72-ಎ ಬರೆಯುವಾಗ, ಕಟ್ಟಿಕೊಂಡಾಗ ತಾನೇ ತಲೆ ಎತ್ತುವ ಇಂಥದ್ದೊಂದನ್ನು ಅದಕ್ಕೂ ಕೂರಿಸಬಹುದಿತ್ತು.

ತೊಂದರೆ ನಿವಾರಣೆ

ನೀರು ಹಳದಿಯಾಗಿ ಬರುತ್ತಿದೆ: ತಾರಸಿ ಗುಡಿಸಿಲ್ಲ. ಸಂಪಿನಲ್ಲಿ ಸೊಳ್ಳೆ: ಮುಚ್ಚಳ ಸರಿಯಿಲ್ಲ. ಬೋರಿನ ಮಟ್ಟ ಏರಿಲ್ಲ: ನೀವು ಇಂಗಿಸಿದ್ದನ್ನು ಪಕ್ಕದ ರಸ್ತೆಯ ಬೋರು ಎಳೆದುಕೊಂಡಿರಬಹುದು. ನೆಲದಡಿಯಲ್ಲಿ ಕಾಂಪೌಂಡ್ ಇಲ್ಲ. ಬಿಲ್ಲಿನಲ್ಲಿ ಇನ್ನೂ ದಂಡ ಬರುತ್ತಿದೆ: ಉಪವಿಭಾಗದ ಕಚೇರಿಗೆ ಅರ್ಜಿ ಕೊಡಿ, ಜೆರಾಕ್ಸ್ ಇಟ್ಟುಕೊಳ್ಳಿ.

ಹೆಚ್ಚಾದ ನೀರಿನ ಪೈಪು

ಸಂಪು ತುಂಬಿದ ಮೇಲೆ ಹೊರಬೀಳುವ ನೀರಿಗೆ ಇಂಗುಗುಂಡಿ ಮಾಡಿಸದಿದ್ದರೆ ಅದರ ದಾರಿ ಹೀಗಿದೆ: ರಸ್ತೆಬದಿಯ ಮೋರಿ, ರಾಜಕಾಲುವೆ, ವೃಷಭಾವತಿ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ. ಶುದ್ಧವಾಗಿ ಹೊರಟ ನಿಮ್ಮ 4,000 ಲೀಟರ್ ನಾಯಂಡಹಳ್ಳಿ ಸೇರುವಷ್ಟರಲ್ಲಿ ನೊರೆ ಕಟ್ಟಿರುತ್ತದೆ. ಬೈರಮಂಗಲದ ಕಾಲುವೆಯ ಕೆಳಗೆ ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದರು. ಈಗ ಆ ನೀರಿಗೆ ಒಗ್ಗುವ ಬೇಬಿ ಕಾರ್ನ್, ಸೀಮೆಹುಲ್ಲು ಬೆಳೆಯುತ್ತಾರೆ. ಹೊರಹೋಗುವ ಪೈಪಿನ ಬಾಯಿಗೆ ತಪ್ಪದೆ ಜಾಲರಿ ಕಟ್ಟಿಸಿ. ಇಲ್ಲದಿದ್ದರೆ ಹೆಗ್ಗಣ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.