ಸ್ವಂತ ಬಳಕೆಗೆ ಮಾತ್ರ

ಸನ್ನಿವೇಲ್‌ನಲ್ಲಿ ನಾಲ್ಕು ಕನ್ನಡದ ಮನೆ ಇದ್ದಲ್ಲಿ ಒಬ್ಬ ಹಾಡಿನ ರಾಯರು ಇದ್ದೇ ಇರುತ್ತಾರೆ. ಚಿಪ್ ಕಂಪನಿಯಲ್ಲಿ ಕೆಲಸ, ಹೆಸರಿನಲ್ಲಿ ಒಂದೆರಡು ಪೇಟೆಂಟು, ಆಫೀಸಿನ ಪೆನ್ನನ್ನೂ ಮನೆಗೆ ತಾರದ ಮಡಿ. ಭಾವಗೀತೆಯ ವಿಷಯಕ್ಕೆ ಬಂದರೆ ಮಾತ್ರ ಸಾಕ್ಷಾತ್ ಕರ್ಣ. "ಖಾಲಿ ಹಾರ್ಡ್ ಡಿಸ್ಕ್ ತನ್ನಿ ಸಾರ್, ಮಿಕ್ಕಿದ್ದು ನನಗೆ ಬಿಡಿ."

ಅವರ ಭಂಡಾರದ ಕಿರೀಟ 1978ರ 'ನಿತ್ಯೋತ್ಸವ': ನಿಸಾರ್ ಅಹಮದರ ಕವನ, ಮೈಸೂರು ಅನಂತಸ್ವಾಮಿಯವರ ರಾಗ. ಅಸಲಿ ಕ್ಯಾಸೆಟ್ಟಲ್ಲ, ಬಸವನಗುಡಿಯ ಅತ್ತೆಮನೆಯಲ್ಲಿ ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು ಟಿಡಿಕೆಗೆ ಇಳಿಸಿಕೊಂಡದ್ದು. ಒಂದು ಹಾಡಿನ ಎರಡನೇ ಚರಣದಲ್ಲಿ ಕುಕ್ಕರ್ ಕೂಗಿ ಅರ್ಧ ಸಾಲು ನುಂಗಿಬಿಡುತ್ತದೆ. ಹಿಂದೆಯೇ "ಗ್ಯಾಸ್ ಆರ್ಸೇ" ಅಂತ ಅತ್ತೆಯವರ ದನಿ. ಟೇಪಿನಿಂದ ಸಿಡಿಗೆ, ಸಿಡಿಯಿಂದ ಎಂಪಿ3ಗೆ ಬಂದರೂ ರಾಯರು ಅದನ್ನು ತೆಗೆಯಲಿಲ್ಲ. ಮೂಲಕ್ಕೆ ಚ್ಯುತಿ ಬರಬಾರದಲ್ಲ!

ಇದು ಕದ್ದ ಹಾಗಲ್ಲವೇ ಅಂತ ಕೇಳಿದಿರೋ, ನಿಮ್ಮ ಕಾಫಿ ಆರಿತೆಂದೇ ಲೆಕ್ಕ. "1992ರ ಆಡಿಯೊ ಹೋಮ್ ರೆಕಾರ್ಡಿಂಗ್ ಆ್ಯಕ್ಟು, ಸೆಕ್ಷನ್ 1008! ವ್ಯಾಪಾರ ಮಾಡದೆ ಸ್ವಂತಕ್ಕೆ ಇಳಿಸಿಕೊಂಡ್ರೆ ಕೇಸ್ ಹಾಕೋ ಹಾಗಿಲ್ಲ. ಇಲ್ಲೇ ಸ್ಯಾನ್ ಹೋಸೆಯ ಡೈಮಂಡ್ ಕಂಪನಿ ರಿಯೋ ಪ್ಲೇಯರ್ ತಂದಾಗ ರೆಕಾರ್ಡ್ ಕಂಪನಿಯವರು ಕೋರ್ಟಿಗೆ ಹೋಗಿ 1999ರಲ್ಲಿ ಸೋತರು. ಊರಲ್ಲೂ ಅಷ್ಟೆ, 1957ರ ಕಾಯ್ದೆ, ಸೆಕ್ಷನ್ 52." ಕಂಪ್ಯೂಟರಿನ ಹಾರ್ಡ್ ಡಿಸ್ಕು 1992ರ ಆ ಕಾಯ್ದೆಯ ಪ್ರಕಾರ ರೆಕಾರ್ಡಿಂಗ್ ಯಂತ್ರವೇ ಅಲ್ಲ ಅಂತ ಅದೇ ತೀರ್ಪಿನಲ್ಲಿದೆ, ಆ ಪುಟಕ್ಕೆ ಬರುವ ಹೊತ್ತಿಗೆ ರಾಯರಿಗೆ ನಿದ್ದೆ ಬಂದಿರಬೇಕು. 2001ರಲ್ಲಿ ನ್ಯಾಪ್‌ಸ್ಟರ್ ಸೋತದ್ದನ್ನು ನೆನಪಿಸಿದರೆ, "ಅದು ಊರಿಗೆಲ್ಲ ಹಂಚಿದ ಕೇಸು. ನಂದು ಮನೆಮಟ್ಟಿಗೆ" ಎನ್ನುತ್ತಾರೆ.

ಧರ್ಮಭೀರು, ಅನುಮಾನವೇ ಇಲ್ಲ. ಫ್ರೈಸ್ ಅಂಗಡಿ ಇದ್ದ ಕಾಲದಲ್ಲಿ ಅಗ್ಗದ ಸಿಡಿ ಬಿಟ್ಟು 'ಮ್ಯೂಸಿಕ್' ಅಂತ ಬರೆದ ದುಬಾರಿ ಖಾಲಿ ಸಿಡಿಯನ್ನೇ ಕೊಳ್ಳುತ್ತಿದ್ದರು. ಅದರ ಮೇಲೆ ತಯಾರಕರು ಶೇ. 3 ರಾಯಧನ ಕಟ್ಟಿರುತ್ತಾರೆ. ಅನಂತಸ್ವಾಮಿಯವರ ಋಣ ಅಲ್ಲಿಗೆ ಚುಕ್ತಾ ಅಂತ ರಾಯರ ನೆಮ್ಮದಿ. ಆ ದುಡ್ಡು ಹಂಚಿಕೆಯಾಗುವುದು ಅಮೆರಿಕದಲ್ಲಿ ಯಾರ ಹಾಡು ಎಷ್ಟು ಖರ್ಚಾಯಿತು ಎಂಬ ಲೆಕ್ಕದ ಮೇಲೆ, ಅದೂ ಅರ್ಜಿ ಹಾಕಿದವರಿಗೆ. ರಾಯರ ಕಾಣಿಕೆ ಮಡೋನಾ ಹುಂಡಿಗೆ ಬಿದ್ದಿದ್ದರೂ ಆಶ್ಚರ್ಯವಿಲ್ಲ.

ಇನ್ನು ಆ ಮನೆಮಟ್ಟ. ಮೊದಲು ಫ್ರೀಮಾಂಟಿನ ಷಡ್ಡಕ ಮನೆಯವನಾದ. ಆಮೇಲೆ ಹಾಸನ ಜಿಲ್ಲೆಯವರೆಲ್ಲ ಮನೆಯವರಾದರು.

ರಾಜ್ಯೋತ್ಸವದ ಗಾಯನ ಸ್ಪರ್ಧೆಯಲ್ಲಿ ಕ್ಯುಪರ್ಟಿನೊ, ಫ್ರೀಮಾಂಟ್, ಸ್ಯಾನ್ ರಮೋನ್‌ನಿಂದ ಬಂದ ಮೂರು ಮಕ್ಕಳು ಒಂದೇ ಹಾಡು ಆರಿಸಿಕೊಂಡಿದ್ದರು. ಮೂವರೂ ಎರಡನೇ ಚರಣದ ಅರ್ಧದಲ್ಲಿ ಗಪ್ಪನೆ ನಿಂತು, ಒಂದಿಷ್ಟು ಹೊತ್ತು ಬಿಟ್ಟು, ಮುಂದಿನ ಸಾಲು ಎತ್ತಿಕೊಂಡರು. ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ರಾಯರು ಮಾತ್ರ ನನ್ನ ಕಿವಿಯಲ್ಲಿ ಪೇಚಾಡಿದರು: "ಸ್ಯಾನ್ ರಮೋನ್ ಹುಡುಗ ಅವಸರ ಮಾಡಿಬಿಟ್ಟ ಸಾರ್. ನಮ್ಮತ್ತೆಯವರ ಮಾತೇ ಇನ್ನೂ ಮುಗಿದಿರಲಿಲ್ಲ."