ಬಿದ್ದ ವಿಮಾನಕ್ಕೆ ಅಂಟೇ ಗತಿ

ಬಯಲಿನಲ್ಲಿ ನಿಂತು ರಿಮೋಟ್ ವಿಮಾನ ಹಾರಿಸುವ ನಡುವಯಸ್ಸಿನ ಗಂಡಸನ್ನು ಕಂಡರೆ ಜನ ಕೇಳುವುದು ಮೂರೇ ಪ್ರಶ್ನೆ. ‘ಮಗನದಾ ಸಾರ್?’, ‘ಕ್ಯಾಮೆರಾ ಐತಾ?’, ಆಮೇಲೆ ದನಿ ತಗ್ಗಿಸಿ, ‘ಎಷ್ಟಾಯ್ತು?’ ಮೊದಲೆರಡಕ್ಕೂ ಇಲ್ಲ ಎಂದರೆ ಅವರ ಕಣ್ಣಲ್ಲಿ ಮರುಕ ಮೂಡುತ್ತದೆ. ಮೂರನೆಯದಕ್ಕೆ ಮನೆಯಲ್ಲಿ ಒಪ್ಪಿಸಿದ ಲೆಕ್ಕವನ್ನೇ ಒಪ್ಪಿಸುತ್ತೇನೆ. ಬಯಲಿಗೊಂದು, ಮನೆಗೊಂದು ಬೆಲೆ ಇಟ್ಟುಕೊಂಡರೆ ನೆನಪಿಡುವುದು ಕಷ್ಟ. ಕೇಳಿದವರು ಮಾತ್ರ ಕದಲುವುದಿಲ್ಲ. ಬೀಳುವುದನ್ನು ನೋಡಿಕೊಂಡೇ ಹೋಗೋಣವೆಂದು ಬದುವಿನ ಮೇಲೆ ಕೂರುತ್ತಾರೆ. ನಾನು ಯಾರನ್ನೂ ಬಹಳ ಹೊತ್ತು ಕಾಯಿಸುವವನಲ್ಲ.

ನನ್ನದು ನೆತ್ತಿಯ ಮೇಲೆ ರೆಕ್ಕೆ ಹೊತ್ತ, ಕಲಿಯುವವರ ಜಾತಿಯ ವಿಮಾನ. ಹೈ ವಿಂಗ್ ಟ್ರೇನರ್ ಅನ್ನುತ್ತಾರೆ. ಫೋಮಿನ ಮೈ, ಮೂಗಿನಲ್ಲಿ ಬ್ರಷ್‌ಲೆಸ್ ಮೋಟರು, ಹೊಟ್ಟೆಯಲ್ಲಿ ಮೂರು ಸೆಲ್ಲಿನ ಲೈಪೋ ಬ್ಯಾಟರಿ, ರೆಕ್ಕೆ ಬಾಲಗಳ ಪಟ್ಟಿ ಆಡಿಸಲು 9 ಗ್ರಾಂ ತೂಗುವ ಪುಟ್ಟ ಸರ್ವೋಗಳು. ಬ್ಯಾಟರಿ ಹತ್ತು ನಿಮಿಷಕ್ಕೆ ಸುಸ್ತು. ಆ ಹತ್ತು ನಿಮಿಷಕ್ಕಾಗಿ ವಾರವಿಡೀ ಅಂಟು ಹಚ್ಚುವವನನ್ನು ಪೈಲಟ್ ಅನ್ನುವುದು ಸುಳ್ಳು. ಅವನು ಬಡಗಿ; ಆಗೀಗ ಬಯಲಿಗೆ ಹೋಗಿ ತನಗೆ ತಾನೇ ಕೆಲಸ ತಂದುಕೊಳ್ಳುತ್ತಾನೆ, ಅಷ್ಟೆ. ಬೇವಿನ ಮರವೊಂದು ಎಡರೆಕ್ಕೆಯನ್ನು ತುಂಡರಿಸಿದ ದಿನ ನನ್ನ ಹೆಂಡತಿ ಇದಕ್ಕೆ ಜಟಾಯು ಎಂದು ನಾಮಕರಣ ಮಾಡಿದಳು. ರಾವಣ ಯಾರು ಎಂದು ನಾನು ಕೇಳಲಿಲ್ಲ.

ವಿಮಾನ ನಮ್ಮಿಂದ ದೂರ ಹೋಗುವಷ್ಟು ಹೊತ್ತು ಎಲ್ಲ ಸಲೀಸು. ಅದು ತಿರುಗಿ ನಮ್ಮತ್ತ ಬರತೊಡಗಿದರೆ ಫಜೀತಿ, ಏಕೆಂದರೆ ಅದರ ಬಲ ಈಗ ನಮ್ಮ ಎಡ. ಹಳಬರು ಇದಕ್ಕೊಂದು ಉಪಾಯ ಹೇಳಿಕೊಡುತ್ತಾರೆ: ಎದುರು ಬರುವಾಗ ಯಾವ ರೆಕ್ಕೆ ಕೆಳಗೆ ವಾಲುತ್ತಿದೆಯೋ ಆ ಕಡೆಗೇ ಸ್ಟಿಕ್ ಒತ್ತು, ರೆಕ್ಕೆ ಮೇಲೇಳುತ್ತದೆ. ಉಪಾಯ ನೂರಕ್ಕೆ ನೂರು ಸರಿ. ಅದು ನೆನಪಾಗುವ ಹೊತ್ತಿಗೆ ವಿಮಾನ ಆಕಾಶದಲ್ಲೇ ಇರಬೇಕು ಎಂಬುದೊಂದೇ ತೊಡಕು. ಇನ್ನು ಸ್ಟಾಲ್. ವೇಗ ತಗ್ಗಿದ ವಿಮಾನದ ಮೂಗನ್ನು ಎತ್ತುತ್ತಲೇ ಹೋದರೆ, ರೆಕ್ಕೆಗೂ ಎದುರುಗಾಳಿಗೂ ನಡುವಿನ ಕೋನ 15 ಡಿಗ್ರಿಯ ಆಸುಪಾಸು ದಾಟುತ್ತಲೇ ಗಾಳಿ ರೆಕ್ಕೆಯ ಬೆನ್ನು ಬಿಡುತ್ತದೆ, ಎತ್ತಿ ಹಿಡಿದಿದ್ದ ಬಲ ಕುಸಿಯುತ್ತದೆ. ಆಗ ಮಾಡಬೇಕಾದದ್ದು ಮೂಗು ತಗ್ಗಿಸುವುದು. ಬೀಳುತ್ತಿರುವುದನ್ನು ಇನ್ನೂ ಕೆಳಕ್ಕೆ ತಳ್ಳು ಎಂದರೆ ಯಾವ ಬೆರಳು ತಾನೆ ಕೇಳೀತು? ತುಂಬ ಎತ್ತರದಲ್ಲಾದರೆ ಇದಕ್ಕೆ ಕ್ಷಮೆಯುಂಟು. ತೆಂಗಿನ ಮರದ ಎತ್ತರದಲ್ಲಿ ಇಲ್ಲ.

ಬಿದ್ದದ್ದು ಕಣ್ಣಿಗೆ ಬಿದ್ದರೆ ಪುಣ್ಯ. ಒಮ್ಮೆ ಮಾಗಡಿ ಕಡೆ ಆಳೆತ್ತರ ಬೆಳೆದ ಮುಸುಕಿನ ಜೋಳದ ಹೊಲಕ್ಕೆ ಜಟಾಯು ಹೊಕ್ಕಿತು. ಇಂಥ ಹೊತ್ತಿನಲ್ಲಿ ಓಡಬಾರದು. ಪ್ರೊಪೆಲರ್ ತಿರುಗದ ಹಾಗೆ ಥ್ರಾಟಲ್ ಪೂರ್ತಿ ಇಳಿಸಿ, ರಿಮೋಟ್ ಮಾತ್ರ ಆರಿಸದೆ, ಸಾಲಿನ ನಡುವೆ ನಿಂತು ಇನ್ನೊಂದು ಸ್ಟಿಕ್ಕನ್ನು ಅತ್ತಿತ್ತ ಆಡಿಸಿ ಕಿವಿಗೊಡಬೇಕು. ಬ್ಯಾಟರಿಗೆ ಜೀವವಿದ್ದರೆ ಸರ್ವೋಗಳು ಎಲ್ಲಿಂದಲೋ ಜುಯ್ ಜುಯ್ ಎಂದು ಓಗೊಡುತ್ತವೆ. ನಾನು ಹೀಗೆ ಕಣ್ಣು ಮುಚ್ಚಿ, ಕೈಯಲ್ಲಿ ಆಂಟೆನಾದ ಡಬ್ಬಿ ಹಿಡಿದು ನಿಂತಿರುವಾಗ ಹೊಲದ ಯಜಮಾನ ಬಂದ. ‘ಏನ್ ಕಳ್ಕೊಂಡ್ರಿ?’ ಎಂದ. ‘ವಿಮಾನ’ ಎಂದೆ. ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ. ‘ಎಷ್ಟ್ ಜನ ಇದ್ರು ಸಾಮಿ ಅದ್ರೊಳ್ಗೆ?’ ಎಂದು ಕೇಳಿದ. ಹುಡುಕಿಕೊಟ್ಟವನೂ ಅವನೇ. ಮುರಿದ ದಂಟುಗಳಿಗೆ ದುಡ್ಡು ಕೊಡಹೋದರೆ, ಹಸು ತಿನ್ನುತ್ತೆ ಬಿಡಿ ಎಂದ.

ನಿಜವಾದ ಹವ್ಯಾಸ ಶುರುವಾಗುವುದು ಇಲ್ಲಿಂದ. ಜಜ್ಜಿದ ಇಪಿಓ ಫೋಮಿನ ಮೂಗಿಗೆ ಕುದಿಯುವ ನೀರು ಸುರಿದರೆ ಒಳಗಿನ ಗುಳ್ಳೆಗಳು ಹಿಗ್ಗಿ ತಗ್ಗುಗಳೆಲ್ಲ ಉಬ್ಬಿ ಬರುತ್ತವೆ. ಸಾರಿಗೆಂದು ಕಾಯಿಸಿಟ್ಟ ನೀರೂ ಆದೀತು, ಪರಿಣಾಮ ಎದುರಿಸುವ ಧೈರ್ಯವಿದ್ದರೆ. ಕ್ಷಣದಲ್ಲಿ ಕಚ್ಚುವ ಸೂಪರ್ ಗ್ಲೂ ಬಾಲ್ಸಾ ಮರಕ್ಕೆ ದೇವರು, ಥರ್ಮೊಕೋಲಿಗೆ ಯಮ: ಅದನ್ನು ಅಂಟಿಸುವ ಬದಲು ಕರಗಿಸಿ ತಿನ್ನುತ್ತದೆ. ಅದೇ ಗ್ಲೂ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ತಕ್ಷಣ ಕಲ್ಲಾಗುತ್ತದೆ. ಹೀಗಾಗಿ ನಮ್ಮ ಅಡುಗೆಮನೆಯ ಸೋಡಾ ಡಬ್ಬಿ, ಗ್ರಾಂ ತೂಗುವ ತಕ್ಕಡಿ, ಬಿದಿರಿನ ಕಡ್ಡಿಗಳು ಒಂದೊಂದಾಗಿ ಮಹಡಿ ಹತ್ತಿವೆ. ಸೈಕಲ್ಲಿನ ಕಡ್ಡಿ ಬಾಲ ಎಳೆಯುವ ಪುಶ್‌ರಾಡ್ ಆಗಿದೆ. ರೆಕ್ಕೆಗೆ ಬಣ್ಣದ ಹಾಳೆ ಹೊದಿಸಿ ಬಿಗಿಯಲು ಇಸ್ತ್ರಿಪೆಟ್ಟಿಗೆಯೇ ಬೇಕು. ಅದು ಆಮೇಲೆ ರೇಷ್ಮೆ ಸೀರೆಯ ಮೇಲೆ ಏನು ಮಾಡಿತು ಎಂಬ ವಿಷಯ ನಮ್ಮ ಮನೆಯಲ್ಲಿ ಇನ್ನೂ ವಿಚಾರಣೆಯ ಹಂತದಲ್ಲಿದೆ.

ಅಂಟಿಗೂ ತೂಕವಿದೆ. ಮೂಗಿಗೆ ಮೆತ್ತಿದ ಎಪಾಕ್ಸಿ ವಿಮಾನವನ್ನು ಮುಂದಕ್ಕೆ ಬಾಗಿಸುತ್ತದೆ, ಸರಿದೂಗಿಸಲು ಬ್ಯಾಟರಿಯನ್ನು ಹಿಂದಕ್ಕೆ ಸರಿಸಬೇಕು. ರೆಕ್ಕೆಯ ಮುಂದಂಚಿನಿಂದ ಸುಮಾರು ಕಾಲು ಭಾಗ ಹಿಂದಕ್ಕೆ ಎರಡೂ ಕಡೆ ಬೆರಳಿಟ್ಟು ಎತ್ತಿದಾಗ ಅದು ಸಮನಾಗಿ ನಿಲ್ಲಬೇಕು. ನಮ್ಮ ಮಂದಿಯಲ್ಲಿ ಒಂದು ಮಾತಿದೆ: ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ. ಇಷ್ಟು ಗೊತ್ತಿದ್ದೂ ನಾವು ಸುಮ್ಮನಿರುವುದಿಲ್ಲ. ಚೆನ್ನಾಗಿ ಹಾರುತ್ತಿರುವ ವಿಮಾನ ಕಂಡರೆ ಕೈ ಕಡಿಯುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿ ಸಾಲಿಗೆ ಒಂದು ಕನೆಕ್ಟರ್ ತರಲು ಹೋಗಿ, ಎಲ್ಇಡಿ ಪಟ್ಟಿ, ದೊಡ್ಡ ಗಾಲಿ, ಇನ್ನೂ ಎರಡು ಸರ್ವೋ ಹೊತ್ತು ಬರುತ್ತೇವೆ. ಭಾರ ಹೆಚ್ಚಿತು, ದೊಡ್ಡ ಮೋಟರು ಬೇಕು. ಮೋಟರು ಬಂತು, ದೊಡ್ಡ ಬ್ಯಾಟರಿ ಬೇಕು. ಕೊನೆಗೆ ಎಲ್ಲ ಕಿತ್ತು ಮೊದಲಿದ್ದಂತೆಯೇ ಮಾಡುವುದಕ್ಕೂ ಮಾಡಿಫಿಕೇಶನ್ ಎಂದೇ ಹೆಸರು.

ಇದರಿಂದ ಮೂರು ಕಾಸಿನ ಉಪಯೋಗವಿದೆಯೇ ಎಂದು ಮನೆಯಲ್ಲಿ ಕೇಳಿದಾಗ ನಾನು ಇತಿಹಾಸಕ್ಕೆ ಶರಣಾಗುತ್ತೇನೆ. 1871ರಲ್ಲಿ ಆಲ್ಫೋನ್ಸ್ ಪೆನೋ ಎಂಬಾತ ಪ್ಯಾರಿಸ್ಸಿನ ಉದ್ಯಾನದಲ್ಲಿ ರಬ್ಬರ್ ಹುರಿಯ ಬಲದ ಪುಟ್ಟ ಮಾದರಿಯನ್ನು 11 ಸೆಕೆಂಡು ಹಾರಿಸಿದ. ಅವನದೇ ಮಾದರಿಯ ಆಟಿಕೆ ಹೆಲಿಕಾಪ್ಟರೊಂದನ್ನು 1878ರಲ್ಲಿ ರೈಟ್ ಸೋದರರಿಗೆ ಅವರಪ್ಪ ತಂದುಕೊಟ್ಟರು. ಹುಡುಗರು ಅದನ್ನು ಮುರಿಯುವವರೆಗೂ ಆಡಿ, ಮುರಿದ ಮೇಲೆ ತಾವೇ ಮಾಡಿಕೊಳ್ಳಲು ಕೂತರು. ಆ ಆಟಿಕೆ ಗಟ್ಟಿಮುಟ್ಟಾಗಿದ್ದಿದ್ದರೆ ನಾವಿನ್ನೂ ದೆಹಲಿಗೆ ರೈಲಿನಲ್ಲೇ ಹೋಗುತ್ತಿದ್ದೆವು ಎನ್ನುವುದು ನನ್ನ ವಾದ. ಇನ್ನೊಬ್ಬರು ಮೇನಾರ್ಡ್ ಹಿಲ್. ಕಣ್ಣು, ಕಿವಿ ಎರಡೂ ಬಹುಮಟ್ಟಿಗೆ ಕೈಕೊಟ್ಟ ಇಳಿವಯಸ್ಸಿನಲ್ಲಿ, 5 ಕಿಲೋ ಕೂಡ ತೂಗದ ಬಾಲ್ಸಾ ವಿಮಾನ ಕಟ್ಟಿ, 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ದಾಟಿಸಿದರು. 3,000 ಕಿಲೋಮೀಟರು, 38 ಗಂಟೆಗಿಂತ ಹೆಚ್ಚು ಹಾರಾಟ. ಅದಕ್ಕೆ ಮೊದಲು ಕಳಿಸಿದವು ದಡ ಸೇರಿರಲಿಲ್ಲ ಎಂಬುದು ನನಗೆ ಈ ಕಥೆಯಲ್ಲಿ ಬಲು ಪ್ರಿಯವಾದ ಭಾಗ.

ಬೆಂಗಳೂರಿನ ದುರದೃಷ್ಟ ನೋಡಿ. 1940ರಲ್ಲೇ ವಿಮಾನದ ಕಾರ್ಖಾನೆ ಕಂಡ ಊರು ಇದು; ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ದೊಡ್ಡವರೇ ಆಕಾಶ ಹಂಚಿಕೊಂಡಿದ್ದಾರೆ. 2021ರ ಡ್ರೋನ್ ನಿಯಮದಂತೆ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿ ಎತ್ತರ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ. ಅದಕ್ಕೂ ಹತ್ತಿರವಾದರೆ ಅನುಮತಿ ಬೇಕು. ಎತ್ತರದ ಮಿತಿಯನ್ನು ಜಟಾಯು ಸ್ವಂತ ಇಚ್ಛೆಯಿಂದಲೇ ಪಾಲಿಸುತ್ತದೆ. ಜಾಗಕ್ಕಾಗಿ ಮಾತ್ರ ನಸುಕಿಗೇ ಎದ್ದು ಊರಾಚೆ ಹೋಗಬೇಕು. ಅದೂ ಗಾಳಿ ಕೃಪೆ ಮಾಡಿದರೆ. ಆಷಾಢ ಬಂತೆಂದರೆ ಹೊಸ ಮದುಮಗಳು ತವರಿಗೆ, ನಮ್ಮ ವಿಮಾನ ಅಟ್ಟಕ್ಕೆ.

ಇಷ್ಟಾಗಿಯೂ ಈ ಚಟಕ್ಕೆ ಬೀಳುತ್ತೇನೆ ಎನ್ನುವವರು ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಸಾಕಷ್ಟು ಸಲ ಬಿದ್ದು ಬನ್ನಿ, ಅಲ್ಲಿ ಬಿದ್ದರೆ ಅಂಟಿನ ಖರ್ಚಿಲ್ಲ. ವಿಮಾನ ಒಂದೇ ಸಾಕು, ಪ್ರೊಪೆಲರ್ ಅರ್ಧ ಡಜನ್ ಇರಲಿ. ಲೈಪೋ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಬೇಡಿ, ಊದಿಕೊಂಡದ್ದನ್ನು ಮತ್ತೆ ಬಳಸಬೇಡಿ. ಇದು ತಮಾಷೆಯ ಮಾತಲ್ಲ, ಅದು ಹೊತ್ತಿಕೊಳ್ಳುತ್ತದೆ. ಗಂಡನ ಹುಟ್ಟುಹಬ್ಬಕ್ಕೆ ಇಂಥದ್ದೊಂದು ಕೊಡಿಸುವ ಯೋಚನೆಯಿರುವವರು ಅದೇ ದಿನ ಇನ್ನೊಂದು ಇಸ್ತ್ರಿಪೆಟ್ಟಿಗೆಯನ್ನೂ ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳಿ.