ಮೂರನೇ ದಿನದ ಜಟ್ಟಿ

42ನೇ ವಯಸ್ಸಿನಲ್ಲಿ ಮೈಸೂರಿನ ಗರಡಿಮನೆಯೊಂದಕ್ಕೆ ಸೇರಿದೆ. ಬಾಗಿಲೇ ಗಿಡ್ಡ, ತಲೆ ತಗ್ಗಿಸದೆ ಒಳಗೆ ಕಾಲಿಡುವಂತಿಲ್ಲ. ಮೊದಲ ದಿನ 50 ಬಸ್ಕಿ. ಮೇಷ್ಟ್ರು ಶಿಕ್ಷೆಯೆಂದು ಹೊಡೆಸುತ್ತಿದ್ದುದನ್ನು ನಾನೇ ಹುಡುಕಿಕೊಂಡು ಬಂದು ಹೊಡೆದೆ! ಅವತ್ತು ಏನೂ ಆಗಲಿಲ್ಲ. ನಾನೇ ಜಟ್ಟಿ ಎಂದುಕೊಂಡು ಕೆಮ್ಮಣ್ಣು ಕೊಡವಿಕೊಂಡು ಮನೆಗೆ ಬಂದೆ.

ಮೈನೋವು ಸಾಲ ಕೊಟ್ಟವನಿದ್ದಂತೆ. ವಾಯಿದೆ ಕೊಟ್ಟು, 24ರಿಂದ 72 ಗಂಟೆಯೊಳಗೆ ಬಡ್ಡಿಸಮೇತ ಬಂದು ಕೂರುತ್ತದೆ. ಮೂರನೇ ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಕುಕ್ಕರಗಾಲಿನಲ್ಲಿ ಕೂರಬೇಕಾದ ಜಾಗದ ಕಥೆ ಬೇಡ ಬಿಡಿ.

“ಉಸ್ತಾದ್ರೇ, ತೊಡೆ ನೋವು.”

“ಭೇಷ್! ತೊಡೆ ಇದೆ ಅಂತಾಯ್ತು. ಇನ್ನು ಹತ್ತು ಹೊಡಿ.”

ಹೊಡೆದೆ. ನೋವೇನೂ ಹೋಗಲಿಲ್ಲ, ಮನೆಗೆ ಬಂದ ನೆಂಟನಂತೆ ಒಗ್ಗಿಹೋಯಿತು. ಒಗ್ಗದವಳು ಹೆಂಡತಿ: “ಅಲ್ಲಿ ನೂರು ಬಸ್ಕಿ, ಇಲ್ಲಿ ಸಿಲಿಂಡರ್ ಎತ್ತಿ ಅಂದ್ರೆ ಸೊಂಟನೋವಾ?”